ನಮ್ಮ ಕಡೆಯ ಇಎಸ್‌ಐ ಡಿಸ್ಪೆನ್ಸರಿ: 12 ದಿನದ ಸರ್ಟಿಫಿಕೇಟ್ ಪಡೆದವಳ ಅನುಭವ

ತುಮಕೂರು ರಸ್ತೆಯ ಈ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರಲ್ಲಿ ಯಾರನ್ನೇ ಕೇಳಿ, ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಅಂದ ಕೂಡಲೇ ಮುಖ ಸಿಂಡರಿಸುತ್ತಾರೆ. "ಅಲ್ಲಿಗೆ ಹೋದರೆ ಒಂದು ದಿನ ಹೋಯ್ತು ಬಿಡು" ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ. 14 ವರ್ಷದಿಂದ ನನ್ನ ಸಂಬಳದಲ್ಲಿ ಇಎಸ್‌ಐ ದುಡ್ಡು ಹಿಡಿಯುತ್ತಿದ್ದಾರೆ. ಆದರೆ ನೆಗಡಿ, ಜ್ವರ ಅಂದರೆ ನಾನು ಹೋಗುತ್ತಿದ್ದದ್ದು ನಮ್ಮ ರಸ್ತೆಯ ಪ್ರೈವೇಟ್ ಕ್ಲಿನಿಕ್‌ಗೆ. 2024ರ ಜುಲೈನಲ್ಲಿ ಡೆಂಗ್ಯೂ ಬಂದು 12 ದಿನ ಮಲಗಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು. ಹೋಗಲು ಹಿಂದೆ ಮುಂದೆ ನೋಡುವವರಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಫಿನಿಶಿಂಗ್ ಸೆಕ್ಷನ್‌ನಲ್ಲಿ ಚೆಕ್ಕರ್. ಶರ್ಟ್‌ಗಳನ್ನು ಒಂದೊಂದಾಗಿ ಟೇಬಲ್ ಮೇಲೆ ಹರಡಿ, ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಕಲೆ ಇದೆ ಅಂತ ನೋಡಿ ಬಾಣದ ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ದಿನವಿಡೀ ನಿಂತೇ ಇರಬೇಕು. ಜುಲೈ 6, ಶನಿವಾರ. ಮಧ್ಯಾಹ್ನ ಊಟ ಆದ ಮೇಲೆ ಕಣ್ಣಿನ ಹಿಂದೆ ನೋವು ಶುರುವಾಯಿತು. ಸೊಂಟ, ಮೊಣಕಾಲು ಯಾರೋ ದೊಣ್ಣೆಯಿಂದ ಹೊಡೆದ ಹಾಗೆ. ಮೂರು ಗಂಟೆಗೆ ಗೇಟ್ ಪಾಸ್ ತೆಗೆದುಕೊಂಡು ಮನೆಗೆ ಬಂದೆ. ಸಂಜೆ ಜ್ವರ 103 ಇತ್ತು.

ರಾತ್ರಿ ಯಥಾಪ್ರಕಾರ ಪ್ರೈವೇಟ್ ಕ್ಲಿನಿಕ್. ಡಾಕ್ಟರು ಒಳ್ಳೆಯವರೇ, ಆದರೆ ತುಂಬಾ ರಷ್. ಕೈ ಹಿಡಿದು ನೋಡುವ ಮೊದಲೇ "ಸರ್ಟಿಫಿಕೇಟ್ ಬೇಕಾ? ಎಷ್ಟು ದಿನ ಬರೀಲಿ?" ಅಂತ ಕೇಳಿದರು. ನಾನು ಏನು ಹೇಳಲಿ? ನನಗೇನು ಗೊತ್ತು ಎಷ್ಟು ದಿನಕ್ಕೆ ವಾಸಿ ಆಗುತ್ತೆ ಅಂತ? ನಮ್ಮ ಯಜಮಾನರು "ಐದು ದಿನ ಬರೀರಿ ಸರ್" ಅಂದರು. ಬರೆದುಕೊಟ್ಟರು. ಫೀಸು 300, ಸರ್ಟಿಫಿಕೇಟ್‌ಗೆ 200. ಪಕ್ಕದ ಲ್ಯಾಬ್‌ನಲ್ಲಿ ಡೆಂಗ್ಯೂ ಕಾರ್ಡ್ ಟೆಸ್ಟ್ ಮಾಡಿಸಿದೆವು. ಆಗಷ್ಟೇ ಸರ್ಕಾರ ಆ ಟೆಸ್ಟಿಗೆ 250 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ರೇಟು ಕಟ್ಟಿತ್ತು, ಅಷ್ಟೇ ತೆಗೆದುಕೊಂಡರು. ಪಾಸಿಟಿವ್ ಬಂತು.

ನಮ್ಮ ಯಜಮಾನರು ಆ ಸರ್ಟಿಫಿಕೇಟ್‌ನ ಫೋಟೋ ತೆಗೆದು ಫ್ಯಾಕ್ಟರಿ ಹೆಚ್‌ಆರ್‌ಗೆ ಕಳಿಸಿದರು. ಭಾನುವಾರ ರಾತ್ರಿ ಉತ್ತರ ಬಂತು. ಪ್ರೈವೇಟ್ ಡಾಕ್ಟರ ಚೀಟಿ ನಡೆಯಲ್ಲ, ಇಎಸ್‌ಐ ಇರುವವರು ಇಎಸ್‌ಐ ಸರ್ಟಿಫಿಕೇಟ್ ತರಬೇಕು, ಇಲ್ಲದಿದ್ದರೆ ಅಷ್ಟೂ ದಿನ ಆಬ್ಸೆಂಟ್. 103 ಜ್ವರದಲ್ಲಿ ಅದನ್ನು ಓದಿ ಅಳು ಬಂತು. ಆಗ ಅದು ಬರೀ ಕಾಟ ಅನ್ನಿಸಿತ್ತು. ಆಮೇಲೆ ತಿಳಿಯಿತು, ಇಎಸ್‌ಐಯಿಂದ ರಜೆಯ ದುಡ್ಡು ಬರಬೇಕಾದರೆ ಅವರ ಡಾಕ್ಟರೇ ನೋಡಿ ಬರೆಯಬೇಕು. ಇದನ್ನು ಕೆಲಸಕ್ಕೆ ಸೇರಿದ ದಿನವೇ ಒಂದು ಮಾತು ಹೇಳಿದ್ದರೆ ಶನಿವಾರದ ದುಡ್ಡು ಉಳಿಯುತ್ತಿತ್ತು ಅಲ್ವಾ?

ಸೋಮವಾರ ಬೆಳಗ್ಗೆ ಎಂಟೂವರೆಗೆ ಡಿಸ್ಪೆನ್ಸರಿ ಮುಂದೆ ಇದ್ದೆವು. ಹಳೇ ಕಟ್ಟಡ, ಗೇಟಿನ ಪಕ್ಕ ಒಂದು ಹೊಂಗೆ ಮರ. ಸೋಮವಾರ ಅಂದರೆ ಅಲ್ಲಿ ಜಾತ್ರೆ. ನನಗೆ ನಿಲ್ಲಲು ಆಗದೆ ಮೆಟ್ಟಿಲ ಮೇಲೆ ಕೂತೆ. ನಮ್ಮ ಯಜಮಾನರು ಕ್ಯೂನಲ್ಲಿ ನಿಂತು ಐಪಿ ನಂಬರ್ (ಇಎಸ್‌ಐ ವಿಮೆಯ ನಂಬರ್) ಹೇಳಿ ಚೀಟಿ ಮಾಡಿಸಿದರು. ಕಾರ್ಡು ಮನೆಯಲ್ಲಿ ಸಿಕ್ಕಿರಲಿಲ್ಲ, ಪೇ ಸ್ಲಿಪ್‌ನಲ್ಲಿ ನಂಬರ್ ಇತ್ತು, ಅದರಿಂದ ಕೆಲಸ ನಡೆಯಿತು. ಇದನ್ನು ನೆನಪಿಡಿ. ಕಾರ್ಡ್ ಕಳೆದಿದೆ ಅಂತ ಹೋಗದೆ ಇರಬೇಡಿ, ಆ 10 ಅಂಕಿ ಮುಖ್ಯ.

ಒಳಗಿದ್ದದ್ದು ಒಬ್ಬರು ಲೇಡಿ ಡಾಕ್ಟರು. ನಲವತ್ತೈದು ವಯಸ್ಸಿರಬಹುದು.

"ಏನಮ್ಮಾ, ಯಾವತ್ತಿಂದ ಜ್ವರ?"

"ಶನಿವಾರ ಮಧ್ಯಾಹ್ನದಿಂದ ಮೇಡಂ."

"ಹಲ್ಲುಜ್ಜುವಾಗ ಒಸಡಲ್ಲಿ ರಕ್ತ ಬಂತಾ? ಹೊಟ್ಟೆ ನೋವು?"

ಇಲ್ಲ ಅಂದೆ. ಲ್ಯಾಬ್ ರಿಪೋರ್ಟ್ ತೋರಿಸಿದೆವು. ನೋಡಿ ಪಕ್ಕಕ್ಕಿಟ್ಟರು. ನನ್ನ ತೋಳಿಗೆ ಬಿಪಿ ಪಟ್ಟಿ ಕಟ್ಟಿ, ಗಾಳಿ ತುಂಬಿ, ಹಾಗೇ ಬಿಟ್ಟುಬಿಟ್ಟರು. ಮರೆತರೇನೋ ಅಂದುಕೊಂಡೆ. ಬೆರಳು ಜೋಮು ಹಿಡಿಯಿತು. ಅಷ್ಟರಲ್ಲಿ ಅವರು ಇನ್ನೊಬ್ಬರಿಗೆ ಮಾತ್ರೆ ಬರೆಯುತ್ತಾ ಗೋಡೆ ಗಡಿಯಾರ ನೋಡುತ್ತಿದ್ದರು. ಸರಿಯಾಗಿ ಐದು ನಿಮಿಷ ಆದ ಮೇಲೆ ಪಟ್ಟಿ ಬಿಚ್ಚಿ, ನನ್ನ ಕೈಯನ್ನು ಕಿಟಕಿ ಬೆಳಕಿಗೆ ತಿರುಗಿಸಿದರು. ಮೊಣಕೈ ಒಳಗಡೆ ಚಿಕ್ಕ ಚಿಕ್ಕ ಕೆಂಪು ಚುಕ್ಕೆ ಎದ್ದಿದ್ದವು, ಸಾಸಿವೆಗಿಂತ ಸಣ್ಣವು. ಪೆನ್ನಿನಿಂದ ಚರ್ಮದ ಮೇಲೆ ಒಂದು ಚೌಕ ಎಳೆದು, ಅದರೊಳಗಿನ ಚುಕ್ಕೆ ಎಣಿಸಿದರು. ಬೆರಳಿಂದ ಒತ್ತಿ ನೋಡಿದರು, ಮಾಯವಾಗಲಿಲ್ಲ. "14 ಇದೆ" ಅಂದರು. "ಪ್ಲೇಟ್‌ಲೆಟ್ ನೋಡಲೇಬೇಕು."

ನಾನು ಟೇಬಲ್ ಮೇಲೆ ಪೀಸ್ ನೋಡುವುದು ಹೀಗೇ. ಬೆಳಕಿಗೆ ಹಿಡಿದು, ಬೆರಳಾಡಿಸಿ, ಎಣಿಸಿ. ಅಷ್ಟು ಜನ ಹೊರಗೆ ಕಾಯುತ್ತಿರುವಾಗ ನನ್ನ ಕೈಗೆ ಅಷ್ಟು ಹೊತ್ತು ಕೊಟ್ಟರಲ್ಲ, ಅದನ್ನು ನಾನು ಮರೆಯುವುದಿಲ್ಲ.

ಆಮೇಲೆ ಸರ್ಟಿಫಿಕೇಟ್ ಮಾತು ಬಂತು. ಶನಿವಾರ ಅರ್ಧ ದಿನ ಕಟ್ ಆಗುತ್ತೆ, ಅಲ್ಲಿಂದಲೇ ಬರೆದುಕೊಡಿ ಅಂತ ನಮ್ಮ ಯಜಮಾನರು ಕೇಳಿದರು. ಮೇಡಂ ಸಿಟ್ಟು ಮಾಡಲಿಲ್ಲ. "ನಾನು ಇವರನ್ನ ನೋಡಿದ್ದು ಇವತ್ತು. ಇವತ್ತಿಂದ ಬರೀತೀನಿ. ಹಿಂದಿನ ತಾರೀಖು ಹಾಕಿದ್ರೆ ನಾಳೆ ನಿಮ್ಮ ಕ್ಲೇಮೇ ನಿಂತುಹೋಗುತ್ತೆ" ಅಂದರು. ಎಷ್ಟು ದಿನ ಅಂತ ನಮ್ಮನ್ನು ಕೇಳಲೇ ಇಲ್ಲ. ಒಂದು ವಾರದ ಮೊದಲ ಸರ್ಟಿಫಿಕೇಟ್ ಬರೆದು, "ಮುಂದಿನ ಸೋಮವಾರ ಬನ್ನಿ, ನೋಡಿ ಮುಂದೆ ಬರೀತೀನಿ" ಅಂದರು. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ರಕ್ತ ಪರೀಕ್ಷೆಗೆ ಚೀಟಿ ಕೊಟ್ಟರು. ಡೋಲೋ ಬಿಟ್ಟು ಬೇರೆ ನೋವಿನ ಮಾತ್ರೆ ಮುಟ್ಟಬಾರದು, ಬ್ರೂಫೆನ್ ಅಂತೂ ಬೇಡವೇ ಬೇಡ, ರಕ್ತಸ್ರಾವ ಆಗಬಹುದು ಅಂತ ಎರಡು ಸಲ ಹೇಳಿದರು. ಮನೆಯಲ್ಲಿ ಬ್ರೂಫೆನ್ ಇತ್ತು. ಶನಿವಾರ ರಾತ್ರಿ ಒಂದು ನುಂಗಿಯೂ ಇದ್ದೆ. ಇನ್ನೊಂದು ನುಂಗದೆ ಉಳಿದದ್ದು ಆ ಮಾತಿನಿಂದ.

ಅತ್ತೆ ದಿನಾ ಪಪ್ಪಾಯಿ ಎಲೆ ಅರೆದು ರಸ ಹಿಂಡಿ ಕೊಡುತ್ತಿದ್ದರು. ಮೇಡಂಗೆ ಹೇಳಿದಾಗ "ಅದೊಂದನ್ನೇ ನಂಬಿ ಕೂರಬೇಡಿ, ಗಂಜಿ, ಎಳನೀರು, ಓಆರ್‌ಎಸ್ ಚೆನ್ನಾಗಿ ಕುಡೀರಿ" ಅಂದರು. ಗುರುವಾರ ಪ್ಲೇಟ್‌ಲೆಟ್ 62,000ಕ್ಕೆ ಇಳಿದಿತ್ತು. ಶನಿವಾರದಿಂದ ಏರಿತು. ರಕ್ತ ಪರೀಕ್ಷೆಗಳಿಗೆ ಒಂದು ರೂಪಾಯಿ ಖರ್ಚಾಗಲಿಲ್ಲ.

15ನೇ ತಾರೀಖು ಎರಡನೇ ಸರ್ಟಿಫಿಕೇಟ್. 19ಕ್ಕೆ ಕೊನೆಯದು, ಅದನ್ನು ಫೈನಲ್ ಅನ್ನುತ್ತಾರೆ. 20ರಿಂದ ಕೆಲಸಕ್ಕೆ ಹೋಗಬಹುದು ಅಂತ ಅದರಲ್ಲಿ ಬರೆದಿತ್ತು. ಒಂದು ಸಲವೂ ನೋಡದೆ ಬರೆಯಲಿಲ್ಲ. ಕಣ್ಣು ಕೆಳಗೆ ಎಳೆದು ನೋಡಿದರು, ಹೊಟ್ಟೆ ಒತ್ತಿದರು, ಬಿಪಿ ನೋಡಿದರು. 19ರಂದು ನಾನೇ "ಇನ್ನೂ ಎರಡು ದಿನ ಬೇಕಿತ್ತು ಮೇಡಂ, ನಿಂತರೆ ತಲೆ ಸುತ್ತುತ್ತೆ" ಅಂದೆ. ಎದ್ದು ನಿಲ್ಲಿಸಿ ಇನ್ನೊಮ್ಮೆ ಬಿಪಿ ನೋಡಿದರು. "ಬಿಪಿ ಸರಿಯಾಗಿದೆ. ಒಂದು ವಾರ ಕೂತು ಮಾಡುವ ಕೆಲಸ ಕೊಡಿ ಅಂತ ಬರೀತೀನಿ" ಅಂದು ಒಂದು ಬಿಳಿ ಹಾಳೆಯಲ್ಲಿ ಬೇರೆಯಾಗಿ ಬರೆದುಕೊಟ್ಟರು. ಅದು ನಾನು ಕೇಳಿದ್ದೂ ಅಲ್ಲ. ಆ ಹಾಳೆ ತೋರಿಸಿದ್ದಕ್ಕೆ ಫ್ಲೋರ್ ಇನ್‌ಚಾರ್ಜ್ ಒಂದು ವಾರ ನನ್ನನ್ನು ದಾರ ಕತ್ತರಿಸುವ ಟ್ರಿಮ್ಮಿಂಗ್ ಬೆಂಚಿಗೆ ಹಾಕಿದರು. ಸ್ಟೂಲ್ ಇತ್ತು.

ಈಗ ದುಡ್ಡಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಲೈನಿನ 40 ಜನರಲ್ಲಿ ಇದು ಗೊತ್ತಿದ್ದವರು ಇಬ್ಬರೋ ಮೂವರೋ.

ನನ್ನ ಸಂಬಳ ತಿಂಗಳಿಗೆ 12,900. ಅದರಲ್ಲಿ 0.75 ಪರ್ಸೆಂಟ್, ಅಂದರೆ 97 ರೂಪಾಯಿ ನನ್ನಿಂದ ಹಿಡಿಯುತ್ತಾರೆ. ಕಂಪನಿ 3.25 ಪರ್ಸೆಂಟ್ ಹಾಕಬೇಕು, ಅದು 420 ಆಗುತ್ತದೆ. 21,000 ರೂಪಾಯಿ ಸಂಬಳದವರೆಗೆ ಇದು ಅನ್ವಯ. ಹೀಗೆ ಕಟ್ಟಿದವರು ಕಾಯಿಲೆ ಬಿದ್ದರೆ ದಿನದ ಕೂಲಿಯ 70 ಪರ್ಸೆಂಟ್ ಇಎಸ್‌ಐ ಕೊಡುತ್ತದೆ, ವರ್ಷಕ್ಕೆ 91 ದಿನದವರೆಗೆ. ಒಂದು ಷರತ್ತು ಇದೆ. ಜುಲೈಯಿಂದ ಡಿಸೆಂಬರ್ ಒಳಗೆ ಕಾಯಿಲೆ ಬಂದರೆ, ಹಿಂದಿನ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕಡಿಮೆ ಅಂದರೂ 78 ದಿನಕ್ಕೆ ದುಡ್ಡು ಕಟ್ಟಿರಬೇಕು. ಜನವರಿಯಿಂದ ಜೂನ್ ಆದರೆ ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್ ಲೆಕ್ಕ. ನಾನು ಒಂದೇ ಫ್ಯಾಕ್ಟರಿಯಲ್ಲಿ ಇದ್ದದ್ದರಿಂದ ತೊಂದರೆ ಆಗಲಿಲ್ಲ.

ನನ್ನ ದಿನದ ಲೆಕ್ಕ 430, ಅದರ 70 ಪರ್ಸೆಂಟ್ 301. ಮೊದಲ ಎರಡು ದಿನಕ್ಕೆ ಇಎಸ್‌ಐ ಏನೂ ಕೊಡುವುದಿಲ್ಲ, ಅದು ಕಾಯುವ ದಿನ. ಹಾಗಾಗಿ 8 ಮತ್ತು 9ನೇ ತಾರೀಖು ಹೋಯಿತು. ಉಳಿದ 10 ದಿನಕ್ಕೆ 3,010 ರೂಪಾಯಿ. ಭಾನುವಾರವನ್ನೂ ಸೇರಿಸಿಯೇ ಕೊಡುತ್ತಾರೆ, ಅದು ನನಗೆ ಆಶ್ಚರ್ಯ ಆಯಿತು. ಅದೇ ಶನಿವಾರ 200 ರೂಪಾಯಿ ಕೊಟ್ಟು ತಂದ ಸರ್ಟಿಫಿಕೇಟ್‌ನಿಂದ ನನಗೆ ಬಂದದ್ದು ಏನೂ ಇಲ್ಲ.

ದುಡ್ಡು ಅಕೌಂಟಿಗೆ ಬರಲು ತಡ ಆಯಿತು. ತಪ್ಪು ಡಿಸ್ಪೆನ್ಸರಿಯದ್ದಲ್ಲ. ನಾನು ಸೇರಿದಾಗ ಫ್ಯಾಕ್ಟರಿಯವರು ಇಎಸ್‌ಐ ದಾಖಲೆಯಲ್ಲಿ ನನ್ನ ಹೆಸರಿನ ಮುಂದೆ ಅಪ್ಪನ ಇನಿಷಿಯಲ್ ಹಾಕಿದ್ದರು. ಆಧಾರ್, ಪಾಸ್‌ಬುಕ್‌ನಲ್ಲಿ ಯಜಮಾನರ ಹೆಸರು ಇದೆ. ಇಎಸ್‌ಐ ಬ್ರಾಂಚ್ ಆಫೀಸ್‌ನಲ್ಲಿ ಎರಡು ಹೆಸರೂ ಒಬ್ಬರದೇ ಅಂತ ಫ್ಯಾಕ್ಟರಿ ಲೆಟರ್ ತರಲು ಹೇಳಿದರು. ಆ ಒಂದು ಲೆಟರಿಗೆ ನಾನು ಹೆಚ್‌ಆರ್ ಬಾಗಿಲಿಗೆ ನಾಲ್ಕು ಸಲ ಹೋದೆ, ಅದೂ ಟೀ ಬ್ರೇಕ್‌ನಲ್ಲಿ. ಆಗಸ್ಟ್ 14ಕ್ಕೆ ದುಡ್ಡು ಬಂತು. ನಿಮ್ಮ ಪೇ ಸ್ಲಿಪ್, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ಇವತ್ತೇ ನೋಡಿಕೊಳ್ಳಿ. ಜ್ವರ ಬಂದಾಗ ಇದನ್ನು ಓಡಾಡಿ ಸರಿ ಮಾಡಿಸಲು ಆಗುವುದಿಲ್ಲ.

ಆ ಎರಡು ಕಾಯುವ ದಿನಗಳನ್ನು ಫ್ಯಾಕ್ಟರಿಯವರು ಲಾಸ್ ಆಫ್ ಪೇ ಮಾಡಿದ್ದರು. ನನ್ನ ಹತ್ತಿರ ಇಎಲ್ (ಕೆಲಸ ಮಾಡಿ ಗಳಿಸಿದ ಸಂಬಳದ ರಜೆ) ಇತ್ತು. 20 ದಿನ ಕೆಲಸಕ್ಕೆ ಒಂದು ಇಎಲ್ ಅಲ್ವಾ, ನಾನು ಸುಮ್ನೆ ಹಾಳು ಮಾಡುವವಳಲ್ಲ. "ಇಎಲ್‌ಗೆ 15 ದಿನ ಮೊದಲೇ ಬರೆದುಕೊಡಬೇಕು, ನೀವು ಕೊಟ್ಟಿಲ್ಲ" ಅಂದರು ಹೆಚ್‌ಆರ್‌ನವರು. ಡೆಂಗ್ಯೂ ಬರುತ್ತೆ ಅಂತ 15 ದಿನ ಮೊದಲು ಯಾರಿಗೆ ಗೊತ್ತಾಗುತ್ತೆ? ಯೂನಿಯನ್‌ನ ಅಕ್ಕ ಒಬ್ಬರು ಹೇಳಿದರು, 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಫ್ಯಾಕ್ಟರಿ ಕಾಯ್ದೆಯ 79ನೇ ಸೆಕ್ಷನ್‌ನಲ್ಲೇ ಇತ್ತು, ಕಾಯಿಲೆಗೆ ಇಎಲ್ ಕೇಳಿದರೆ ಮೊದಲೇ ಅರ್ಜಿ ಕೊಟ್ಟಿಲ್ಲ ಅಂತ ತಳ್ಳಿಹಾಕುವ ಹಾಗಿರಲಿಲ್ಲ. ಅದನ್ನೇ ಒಂದು ಹಾಳೆಯಲ್ಲಿ ಬರೆದು, ಡಿಸ್ಪೆನ್ಸರಿ ಸರ್ಟಿಫಿಕೇಟ್‌ನ ಜೆರಾಕ್ಸ್ ಪಿನ್ ಮಾಡಿ ಕೊಟ್ಟೆ. ಮುಂದಿನ ಸಂಬಳದಲ್ಲಿ ಎರಡು ದಿನದ ದುಡ್ಡು ಸೇರಿತು. ಅಟೆಂಡೆನ್ಸ್ ಬೋನಸ್ 500 ಮಾತ್ರ ಹೋದದ್ದು ಹೋಯಿತು.

ಇನ್ನೊಂದು ಮಾತನ್ನೂ ಅದೇ ಅಕ್ಕ ಹೇಳಿದ್ದು. ನಾನು ಮಲಗಿದ್ದಾಗ ಸೂಪರ್‌ವೈಸರ್ ಫೋನ್ ಮಾಡಿ, "ಶಿಪ್‌ಮೆಂಟ್ ಇದೆ, ಈ ವಾರ ಬರಲಿಲ್ಲ ಅಂದ್ರೆ ಆಮೇಲೆ ಬರೋದೇ ಬೇಡ" ಅಂದಿದ್ದರು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಗ ಜಾರಿಯಲ್ಲಿದ್ದ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ಪ್ರಕಾರ, ಕಾಯಿಲೆಯ ಬೆನಿಫಿಟ್ ಪಡೆಯುತ್ತಿರುವ ದಿನಗಳಲ್ಲಿ ಕೆಲಸದಿಂದ ತೆಗೆಯುವಂತಿರಲಿಲ್ಲ, ಶಿಕ್ಷೆಯನ್ನೂ ಕೊಡುವಂತಿರಲಿಲ್ಲ. ಅಂದರೆ ಆ ಸರ್ಟಿಫಿಕೇಟ್ ನನ್ನ ಕೆಲಸವನ್ನೂ ಕಾಯುತ್ತಿತ್ತು. ನನಗೆ ಗೊತ್ತಿರಲಿಲ್ಲ, ಅಷ್ಟೇ.

ನಮ್ಮ ಕಟಿಂಗ್ ಸೆಕ್ಷನ್‌ನ ಒಬ್ಬರಿಗೆ ಟಿಬಿ ಆಗಿತ್ತು. ಅಂಥ ದೊಡ್ಡ ಕಾಯಿಲೆಗಳಿಗೆ, ಎರಡು ವರ್ಷ ಸತತ ಕೆಲಸ ಮಾಡಿದವರಿಗೆ, 80 ಪರ್ಸೆಂಟ್ ಕೂಲಿ, ಎರಡು ವರ್ಷದವರೆಗೂ ಸಿಗುತ್ತದೆ. ಅವರು ಮೂರು ತಿಂಗಳು ಯಾರಿಗೂ ಹೇಳದೆ ಸಾಲ ಮಾಡಿ ಪ್ರೈವೇಟ್‌ನಲ್ಲಿ ಔಷಧಿ ತೆಗೆದುಕೊಂಡಿದ್ದರು. ಮಕ್ಕಳಾಗದಂತೆ ಆಪರೇಷನ್ (ಸಂತಾನಹರಣ) ಮಾಡಿಸಿಕೊಂಡ ಹೆಂಗಸರಿಗೆ 14 ದಿನ ಪೂರ್ತಿ ಕೂಲಿ ಇದೆ. ಅದನ್ನೂ ಬಹಳ ಜನ ಕೇಳುವುದೇ ಇಲ್ಲ.

ಡಿಸ್ಪೆನ್ಸರಿಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ಮೂರು ಆ ಡಾಕ್ಟರಿಗೆ, ಒಂದು ಔಷಧಿ ಕೌಂಟರಿನ ಅಣ್ಣನಿಗೆ. ಮಾತ್ರೆ ಹೇಗೆ ನುಂಗಬೇಕು ಅಂತ ಅವರು ಕನ್ನಡ, ಹಿಂದಿ ಎರಡರಲ್ಲೂ ಹೇಳುತ್ತಾರೆ. ಒಡಿಶಾ, ಬಿಹಾರ ಕಡೆಯಿಂದ ಬಂದ ಹುಡುಗಿಯರು ಈಗ ಜಾಸ್ತಿ ಇದ್ದಾರೆ, ಅವರಿಗೆ ಅದು ದೊಡ್ಡ ಸಹಾಯ.

ಸೋಮವಾರದ ಆ ಕ್ಯೂ ಬಗ್ಗೆ ಹೇಳದೆ ಬಿಡುವುದು ಸರಿಯಲ್ಲ. ಅದರಲ್ಲಿ ಅರ್ಧ ಜನ ಔಷಧಿಗೆ ಬಂದವರಲ್ಲ, ಒಂದು ದಿನದ ರಜೆಗೆ ಚೀಟಿ ತರಲು ಬಂದವರು. ಭಾನುವಾರ ರಾತ್ರಿ ವಾಂತಿ ಆಗಿದೆ, ಸೋಮವಾರ ಮಲಗಿದರೆ ಸರಿ ಹೋಗುತ್ತದೆ. ಆದರೆ ಮಲಗುವ ಹಾಗಿಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಒಂದು ದಿನ ಬರದಿದ್ದರೂ ಸರ್ಟಿಫಿಕೇಟ್ ಕೇಳುತ್ತಾರೆ. ಮೊದಲ ಎರಡು ದಿನಕ್ಕೆ ಇಎಸ್‌ಐ ದುಡ್ಡೇ ಕೊಡುವುದಿಲ್ಲ, ಕಂಪನಿಯೂ ಕೊಡುವುದಿಲ್ಲ. ಹಾಗಿದ್ದ ಮೇಲೆ ಆ ಚೀಟಿ ಯಾರಿಗೆ ಬೇಕು? ಸುಸ್ತಾದ ಹೆಂಗಸು ಎರಡು ಬಸ್ ಹಿಡಿದು, ಮೂರು ಗಂಟೆ ನಿಂತು, "ಹೊಟ್ಟೆ ಕೆಟ್ಟಿತ್ತು" ಅಂತ ಒಂದು ಸಾಲು ಬರೆಸಿಕೊಂಡು ಹೋಗಬೇಕು. ನಿನ್ನೆ ಹೊಟ್ಟೆ ಕೆಟ್ಟಿತ್ತಾ ಅಂತ ಇವತ್ತು ಯಾವ ಡಾಕ್ಟರು ತಾನೇ ನೋಡಿ ಹೇಳಲು ಆಗುತ್ತದೆ? ಆ ಮೇಡಂ ನನ್ನ ಕೈಗೆ ಕೊಟ್ಟ ಐದು ನಿಮಿಷ ಇನ್ನೊಬ್ಬರಿಗೆ ಸಿಗದೆ ಹೋಗುವುದು ಇದರಿಂದಲೇ. ನನ್ನ ನಾದಿನಿ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡುತ್ತಾಳೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಅವಳಿಗೆ ವರ್ಷಕ್ಕೆ 12 ದಿನ ಕಾಯಿಲೆ ರಜೆ ಸಂಬಳದ ಜೊತೆ ಇದೆ. ಆಗಿನ ಫ್ಯಾಕ್ಟರಿ ಕಾಯ್ದೆಯಲ್ಲಿ ನಮಗೆ ಅಂಥ ರಜೆಯೇ ಇರಲಿಲ್ಲ. ಎರಡು ದಿನದವರೆಗೆ ಫೋನ್ ಮಾಡಿ ಹೇಳಿದರೆ ಸಾಕು ಅಂತ ಕಂಪನಿಗಳು ಒಪ್ಪಿಕೊಳ್ಳಲಿ. ಮೂರನೇ ದಿನದಿಂದ ಸರ್ಟಿಫಿಕೇಟ್ ಕೇಳಲಿ, ಖುಷಿಯಿಂದ ತರುತ್ತೇವೆ.

ನಾನು ಕೊಡದೆ ಇಟ್ಟುಕೊಂಡ ಒಂದು ಸ್ಟಾರ್ ಬೆಂಚಿಗೆ. ಅಷ್ಟು ದೊಡ್ಡ ವರಾಂಡದಲ್ಲಿ ಇರುವುದು ಎರಡೇ ಬೆಂಚು, ಅದರಲ್ಲಿ ಒಂದರ ಕಾಲು ಮುರಿದು ಇಟ್ಟಿಗೆ ಕೊಟ್ಟಿದ್ದಾರೆ. ಹೋದ ವಾರ ನಮ್ಮ ಲೈನಿನ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಏಳು ತಿಂಗಳ ಬಸುರಿ, ಕಾಲು ಊದಿಕೊಂಡಿತ್ತು. ಒಬ್ಬ ಅಜ್ಜ ಎದ್ದು ಜಾಗ ಕೊಟ್ಟರು. ಅವರ ಕೈಯಲ್ಲೂ ಚೀಟಿ ಇತ್ತು, 63ನೇ ನಂಬರು. ಆಗ ಒಳಗೆ ನಡೆಯುತ್ತಿದ್ದದ್ದು 20.